ಇಕ್ಕಟ್ಟಿನ ಗೂಡಿನಲ್ಲಿ ನಾಯಿ ಫೋಟೊ ತೆಗೆಯೋದು ಹೇಗೆ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲೇ. ಪ್ರತಿ ಭಾನುವಾರ ಹತ್ತಿರದ ಒಂದು ಸಣ್ಣ ಅನಿಮಲ್ ಶೆಲ್ಟರ್‌ಗೆ ಹೋಗುತ್ತೇನೆ. ಅಲ್ಲಿ 22 ನಾಯಿಗಳಿವೆ. ಯಾರಾದರೂ ದತ್ತು ತಗೊಳ್ಳಲಿ ಅಂತ ಅವುಗಳ ಫೋಟೊ ತೆಗೆದು ವಾಟ್ಸಾಪ್ ಗ್ರೂಪುಗಳಿಗೆ ಹಾಕೋದು ನನ್ನ ಕೆಲಸ. ಗೂಡು ಅಂದರೆ 4 ಅಡಿ ಅಗಲ, 6 ಅಡಿ ಉದ್ದ. ಒಳಗೆ ಹೋದರೆ ತಿರುಗೋಕೂ ಜಾಗ ಇಲ್ಲ. ಫೋಟೊದಲ್ಲಿ ಮೂತಿ ಮಾತ್ರ ದೊಡ್ಡದಾಗಿ ಬರುತ್ತದೆ, ಕಣ್ಣು ಹಸಿರಾಗಿ ಹೊಳೆಯುತ್ತದೆ. ಕಾಳು ಅಂತ ಒಂದು ಕಪ್ಪು ನಾಯಿ ಇದೆ, ಅದಂತೂ ಬರೀ ಕಪ್ಪು ಮುದ್ದೆ. 8 ತಿಂಗಳಿಂದ ಅವನನ್ನು ಒಬ್ಬರೂ ಕೇಳಿಲ್ಲ. ನನ್ನ ಹತ್ತಿರ ಇರೋದು ಫೋನ್ ಒಂದೇ. ಕ್ಯಾಮೆರಾ ತಗೊಳ್ಳಬೇಕಾ?

ಉತ್ತರ: ಬೇಡ. ಫೋನ್ ಸಾಕು. ಮೊದಲು ನೀವು ಆ ಗೂಡಿನಿಂದ ಹೊರಗೆ ಬನ್ನಿ.

ಮೂತಿ ಯಾಕೆ ಊದಿಕೊಳ್ಳುತ್ತದೆ ಅಂದರೆ, ಇಕ್ಕಟ್ಟಿನಲ್ಲಿ ಕೂತು ಫೋನನ್ನು ನಾಯಿಯ ಮುಖದ ಹತ್ತಿರ ಹಿಡಿದಿರುತ್ತೀರಿ. ಮೂತಿ ಫೋನಿನಿಂದ ಒಂದು ಗೇಣು ದೂರ, ಕಿವಿ ಎರಡು ಗೇಣು ದೂರ. ಹಾಗಾಗಿ ಕಿವಿಗೆ ಹೋಲಿಸಿದರೆ ಮೂತಿ ದುಪ್ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಐದಾರು ಅಡಿ ಹಿಂದೆ ಸರಿದು 2ಎಕ್ಸ್ ಒತ್ತಿ ತೆಗೆಯಿರಿ, ಮುಖ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಬರುತ್ತದೆ. 0.5 ಅಂತ ಇರೋ ಅಗಲದ ಲೆನ್ಸನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಜಾಗ ಇಲ್ಲ ಅಂತ ಎಲ್ಲರೂ ಅದನ್ನೇ ಒತ್ತುತ್ತಾರೆ, ಫೋಟೊ ಕೆಡೋದೂ ಅಲ್ಲೇ.

ಗೂಡಿನ ಬಾಗಿಲು ತೆರೆಸಿ, ಅಲ್ಲಿನ ಮಾವಶಿಯೋ (ಕೆಲಸದ ಹೆಂಗಸನ್ನು ಇಲ್ಲಿ ಹಾಗೇ ಕರೆಯೋದು) ನೋಡಿಕೊಳ್ಳುವ ಹುಡುಗನೋ ನಾಯಿಯನ್ನು ಬೆಲ್ಟಿನಲ್ಲಿ ಹಿಡಿದು ಹೊಸ್ತಿಲ ಹತ್ತಿರ ಕೂರಿಸಲಿ. ನೀವು ಹೊರಗೆ ಓಣಿಯಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಫೋನ್ ನಾಯಿಯ ಕಣ್ಣಿನ ಎತ್ತರಕ್ಕೆ ಬರಬೇಕು, ಬಟ್ಟೆ ಕೊಳೆಯಾಗುತ್ತದೆ, ಆಗಲಿ. ಹೊರಗೆ ತರುವ ಹಾಗೇ ಇಲ್ಲ ಅಂತಾದರೆ ಮೂಲೆಯಿಂದ ಮೂಲೆಗೆ ತೆಗೆಯಿರಿ. 4 ಅಡಿ 6 ಅಡಿಯ ಗೂಡಿನಲ್ಲೂ ಕರ್ಣದ ಉದ್ದ 7 ಅಡಿ ದಾಟುತ್ತದೆ, ಅಷ್ಟು ಸಿಕ್ಕರೆ ಸಾಕು. ಕಚ್ಚುವ ಅಥವಾ ತುಂಬಾ ಹೆದರಿದ ನಾಯಿಯಾದರೆ ಜಾಲರಿಯ ಹೊರಗಿಂದಲೇ ಆಗಬೇಕು. ಆಗ ಫೋನಿನ ಲೆನ್ಸನ್ನು ಜಾಲರಿಯ ಒಂದು ಕಣ್ಣಿಗೆ ಸರಿಯಾಗಿ ಅಂಟಿಸಿ ಹಿಡಿಯಿರಿ. ಲೆನ್ಸ್ ಆ ಕಣ್ಣಿಗಿಂತ ಚಿಕ್ಕದು, ತಂತಿ ಫೋಟೊದಲ್ಲಿ ಬರೋದೇ ಇಲ್ಲ.

ಇನ್ನು ಬೆಳಕು. ಕಣ್ಣು ಹಸಿರಾಗೋದು ಫ್ಲ್ಯಾಶಿನಿಂದ. ನಾಯಿ ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇರುತ್ತದೆ. ಕತ್ತಲಲ್ಲಿ ಚೆನ್ನಾಗಿ ಕಾಣಲಿ ಅಂತ ಇರೋದು ಅದು, ಫ್ಲ್ಯಾಶ್ ಬಿದ್ದರೆ ಹಾಗೇ ವಾಪಸ್ ಹೊಡೆಯುತ್ತದೆ. ಫ್ಲ್ಯಾಶ್ ಆಫ್ ಮಾಡಿಬಿಡಿ. ಬಾಗಿಲಿಂದ ಬರೋ ಹಗಲ ಬೆಳಕಿಗೆ ನಾಯಿ ಮುಖ ಮಾಡಿ ಕೂತರೆ ಕಣ್ಣಲ್ಲಿ ಒಂದು ಸಣ್ಣ ಬಿಳಿ ಚುಕ್ಕಿ ಮಿನುಗುತ್ತದೆ ನೋಡಿ, ಆ ಚುಕ್ಕಿ ಕಂಡ ಮೇಲೇ ಕ್ಲಿಕ್ ಮಾಡಿ. ಒಳಗೆ ಹೋದಷ್ಟೂ ಬೆಳಕು ಬೇಗ ಬೇಗ ಇಳಿಯುತ್ತದೆ, ಹೊಸ್ತಿಲಿಂದ ಮೂರಡಿ ಹಿಂದೆ ಸರಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಟ್ಯೂಬ್‌ಲೈಟಿನಲ್ಲೇ ತೆಗೆಯಬೇಕಾಗಿ ಬಂದು ಫೋಟೊದ ಮೇಲೆ ಅಡ್ಡ ಪಟ್ಟೆ ಬಂದರೆ ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್, ಅಂದರೆ ಬೆಳಕು ಒಳಗೆ ಬಿಡೋ ಹೊತ್ತು, 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ. ಹಗಲ ಬೆಳಕಿದ್ದರೆ 1/250 ಇಡಿ, ನಾಯಿ ತಲೆ ಅಲ್ಲಾಡಿಸಿದರೂ ಮಸುಕಾಗಲ್ಲ.

ನಮ್ಮ ಮುಂಬೈ ಕಡೆ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ ಇದೆ, ನೀಲಿ ತಾಡಪತ್ರಿ. ಸೋರೋ ಶೀಟಿನ ಮೇಲೆಲ್ಲ ಅದನ್ನೇ ಹೊದಿಸಿರುತ್ತಾರೆ ಅಲ್ವಾ, ಅದರೊಳಗಿಂದ ಬರೋ ಬೆಳಕು ನಾಯಿಯ ಮೈಮೇಲೆ ನೀಲಿಯಾಗಿ ಬೀಳುತ್ತದೆ. ಹಾಗೇ ತೆಗೆದ ಒಂದು ಬಿಳಿ ನಾಯಿಯ ಫೋಟೊ ನೋಡಿ ‘ಇದಕ್ಕೆ ಚರ್ಮದ ಕಾಯಿಲೆ ಇದೆಯಾ’ ಅಂತ ಇಬ್ಬರು ನನ್ನನ್ನು ಕೇಳಿದ್ದರು. ಏನೂ ಇರಲಿಲ್ಲ ಪಾಪ ಅದಕ್ಕೆ. ಆವತ್ತಿನಿಂದ ತಾಡಪತ್ರಿಯ ಅಂಚಿಗೆ, ಮೋಡದ ಬೆಳಕು ನೇರವಾಗಿ ಬೀಳುವ ಕಡೆಗೆ ನಾಯಿಯನ್ನು ತಂದೇ ತೆಗೆಯುತ್ತೇನೆ. ಮೋಡದ ಬೆಳಕಿನಷ್ಟು ಒಳ್ಳೆ ಬೆಳಕು ಇನ್ನೊಂದಿಲ್ಲ.

ಈಗ ಕಾಳು. ಅವನ ಹಿಂದೆ ಬಿಳಿ ಟೈಲ್ಸ್ ಗೋಡೆ ಇರಬೇಕು, ಹೌದಾ? ಫೋನು ಗೋಡೆಯ ಬಿಳುಪು ನೋಡಿ ಇಡೀ ಫೋಟೊವನ್ನೇ ಕತ್ತಲೆ ಮಾಡುತ್ತದೆ. ಸ್ಕ್ರೀನಿನಲ್ಲಿ ಅವನ ಮುಖದ ಮೇಲೆ ಬೆರಳಿಡಿ, ಸೂರ್ಯನ ಗುರುತು ಬಂದ ಮೇಲೆ ರೋಮ ಒಂದೊಂದೇ ಕಾಣುವವರೆಗೆ ಮೇಲಕ್ಕೆ ಎಳೆಯಿರಿ. ತೀರಾ ಹತ್ತಿರದ ಮುಖದ ಫೋಟೊದಲ್ಲಿ ಇದು ಉಲ್ಟಾ ಆಗುತ್ತದೆ, ಫೋನು ಕಪ್ಪನ್ನು ಬೂದಿ ಮಾಡಿಬಿಡುತ್ತದೆ, ಆಗ ಸ್ವಲ್ಪ ಕೆಳಕ್ಕೆ ಎಳೆಯಬೇಕು. ಬೆಳಕು ಒಂದು ಪಕ್ಕದಿಂದ ಬರಲಿ, ಕಪ್ಪು ಮೈಯ ಉಬ್ಬು ತಗ್ಗು ಎದ್ದು ಕಾಣುತ್ತದೆ. ಹಿಂದೆ ಅಮ್ಮನ ಹಳೇ ಹತ್ತಿ ಸೀರೆ ಕಟ್ಟಿ, ಅರಿಶಿನ ಬಣ್ಣದ್ದೋ ತಿಳಿ ಹಸಿರಿನದೋ, ಅಂಚು ಕಾಣದ ಹಾಗೆ. ಕಾಳು ಅದರಿಂದ ಒಂದೂವರೆ ಅಡಿ ಮುಂದೆ ಕೂರಲಿ. ತೆಗೆಯೋಕೆ ಮುಂಚೆ ನೆಲ ಒರೆಸಿ, ನೀರಿನ ಬಟ್ಟಲು ಪಕ್ಕಕ್ಕಿಡಿ. ಅಷ್ಟೇ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ನಾಯಿ ಹೆದರಿದ್ದರೆ ಫೋಟೊ ಬರಲ್ಲ. ನಾನು ಅತಿ ಜಾಸ್ತಿ ಹೊತ್ತು ಕೊಡೋದು ಇದಕ್ಕೇ. ಮೊದಲ ಹತ್ತು ನಿಮಿಷ ಫೋನ್ ಜೇಬಿನಲ್ಲೇ ಇರಲಿ. ಪಕ್ಕಕ್ಕೆ ತಿರುಗಿ ಸುಮ್ನೆ ಕೂತುಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕೈ ಮೂಸಲಿ. ಅದು ಪದೇ ಪದೇ ತುಟಿ ನೆಕ್ಕಿದರೆ, ನಿದ್ದೆ ಇಲ್ಲದೆ ಆಕಳಿಸಿದರೆ, ಕಿವಿ ಹಿಂದಕ್ಕೆ ಒತ್ತಿಕೊಂಡು ಕಣ್ಣಿನ ಬಿಳಿ ತೋರಿಸಿದರೆ ಇನ್ನೂ ಸಮಾಧಾನ ಆಗಿಲ್ಲ ಅಂತ ಅರ್ಥ. ಠಾಣೆ ಕಡೆ ಒಂದು ಕಂದು ಬಣ್ಣದ ಹೆಣ್ಣು ನಾಯಿ ಇತ್ತು. ಗೂಡಿನ ಹಿಂಗೋಡೆಗೆ ಬೆನ್ನು ಒತ್ತಿ ಕೂತಿದ್ದು ಅಲ್ಲಿಂದ ಕದಲಲಿಲ್ಲ. ನಾನು ಕನ್ನಡದಲ್ಲಿ ಕರೆದೆ, ಹಿಂದಿಯಲ್ಲಿ ಕರೆದೆ, ಬೇಯಿಸಿದ ಚಿಕನ್ ತುಂಡು ಇಟ್ಟೆ, ಊಹೂಂ. ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಮಾವಶಿ ಅನ್ನದ ಪಾತ್ರೆಗೆ ಸೌಟು ತಾಗಿಸಿ ‘ಏ ಬಾಳಾ, ಇಕಡೆ ಬಘ’ ಅಂದರು, ಮರಾಠಿಯಲ್ಲಿ ‘ಮಗೂ, ಇಲ್ಲಿ ನೋಡು’ ಅಂತ. ಬಲಗಿವಿ ನೆಟ್ಟಗಾಯಿತು, ಎಡಗಿವಿ ಅರ್ಧ ಮಡಚಿಕೊಂಡೇ ಇತ್ತು, ಹಣೆಯಲ್ಲಿ ಎರಡು ಗೆರೆ ಮೂಡಿ ಬಾಯಿ ಸಡಿಲವಾಯಿತು. ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೊಂದು ಪಟಪಟ ಅಂತ, ಆರು ಫೋಟೊ ತೆಗೆದೆ. ಅದರಲ್ಲಿ ಒಂದನ್ನು ನೋಡಿ ಬಂದವರ ಮನೆಯಲ್ಲೇ ಅವಳು ಈಗ ಇದ್ದಾಳೆ. ದಿನಾ ಅನ್ನ ಹಾಕುವವರ ದನಿಯ ಮುಂದೆ ಯಾವ ಪೀಪಿ ಆಟಿಕೆಯೂ ನಿಲ್ಲಲ್ಲ. ಆಟಿಕೆ ಊದೋದಾದರೆ ಎರಡೇ ಸಲ, ಆಮೇಲೆ ಅದು ತಿರುಗಿಯೂ ನೋಡಲ್ಲ, ಪಕ್ಕದ ಗೂಡಿನವೆಲ್ಲ ಬೊಗಳೋಕೆ ಶುರು ಮಾಡುತ್ತವೆ.

ಒಂದು ನಾಯಿಗೆ ಮೂರು ಫೋಟೊ ಹಾಕಿ: ಮುಖದ್ದು, ಪಕ್ಕದಿಂದ ಇಡೀ ಮೈಯದ್ದು, ಯಾರದಾದರೂ ಪಕ್ಕ ನಿಂತಿರೋದು. ಮೂರನೆಯದು ಬಿಟ್ಟುಬಿಡಬೇಡಿ. ಒನ್ ಬಿಎಚ್‌ಕೆಯಲ್ಲಿರುವವರು ಮೊದಲು ಕೇಳೋದೇ ‘ಎಷ್ಟು ದೊಡ್ಡದು’ ಅಂತ, ಮೊಣಕಾಲಿಗೆ ಬರುತ್ತದೆ ಅಂತ ಕಂಡರೆ ಅರ್ಧ ಅಳುಕು ಅಲ್ಲೇ ಹೋಗುತ್ತದೆ. ಸೊಸೈಟಿಯವರು, ಅಂದರೆ ಕಟ್ಟಡದ ನಿವಾಸಿಗಳ ಸಂಘದವರು, ಬಿಡಲ್ಲ ಅನ್ನುವವರಿಗೆ ಹೇಳಿ, ಸಾಕುಪ್ರಾಣಿ ಇಟ್ಟುಕೊಳ್ಳಬೇಡಿ ಅಂತ ಸೊಸೈಟಿ ನಿಷೇಧ ಹೇರುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬೀದಿಯಿಂದ ಬಂದ ನಾಯಿಗಳ ಕಿವಿಯಲ್ಲಿ ಸಣ್ಣ ಕಚ್ಚು ಇರುತ್ತದಲ್ಲ, ಅದನ್ನು ಮರೆಮಾಡಬೇಡಿ. ಅದು ಗಾಯವಲ್ಲ, ಮರಿಯಾಗದ ಹಾಗೆ ಆಪರೇಷನ್ ಆಗಿದೆ ಅನ್ನೋ ಗುರುತು ಅಂತ ಫೋಟೊ ಕೆಳಗೆ ಬರೆಯಿರಿ. ಕುಂಟು ಕಾಲು, ಪೊರೆ ಬಂದ ಕಣ್ಣು ಕೂಡ ಕಾಣಲಿ. ಅದನ್ನು ನೋಡಿಯೂ ಬಂದವರು ವಾಪಸ್ ತಂದು ಬಿಡೋದು ಕಮ್ಮಿ. ಸರಳಿನ ಹಿಂದೆ ಅಳು ಮುಖದ ಫೋಟೊ ಮಾತ್ರ ದಯವಿಟ್ಟು ಬೇಡ. ಜನ ಅಯ್ಯೋ ಅಂತ ಫಾರ್ವರ್ಡ್ ಮಾಡುತ್ತಾರೆ, ಮನೆಗೆ ಕರೆದುಕೊಂಡು ಹೋಗಲ್ಲ. ನಾನು ಕಂಡಿದ್ದು ಹಾಗೇ.

ಪ್ರಶ್ನೆ: ಪುಣೆಯಲ್ಲಿ ನಾನು ನೋಡಿಕೊಳ್ಳುವ ಬೆಕ್ಕುಗಳು ಕಬ್ಬಿಣದ ಪಂಜರದಲ್ಲಿವೆ. ಫೋನ್ ಎತ್ತಿದರೆ ಮೂಲೆಗೆ ಹೋಗಿ ಮುದುಡುತ್ತವೆ. ಏನು ಮಾಡಲಿ?

ಉತ್ತರ: ಎಳೆದು ಹೊರಗೆ ತರಬೇಡಿ. ಪಂಜರದ ಮೂರು ಕಡೆಗೆ ಟವೆಲ್ ಇಳಿಬಿಡಿ, ಒಳಗೆ ಬಟ್ಟೆ ಹಾಸಿದ ಒಂದು ರಟ್ಟಿನ ಡಬ್ಬಿ ಇಡಿ. ತೆರೆದ ಕಡೆ ಕಿಟಕಿಗೆ ಎದುರಾಗಿರಲಿ. ಅವಿತುಕೊಳ್ಳೋಕೆ ಜಾಗ ಸಿಕ್ಕ ಬೆಕ್ಕು ತಾನಾಗೇ ಇಣುಕುತ್ತದೆ, ಡಬ್ಬಿಯಿಂದ ಇಣುಕುವ ಮುಖಕ್ಕಿಂತ ಒಳ್ಳೆ ಫೋಟೊ ಬೇಕಾ? ಎದುರು ಕೂತು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ, ಎಷ್ಟೋ ಬೆಕ್ಕುಗಳು ಹಾಗೇ ಕಣ್ಣು ಮುಚ್ಚಿ ಉತ್ತರ ಕೊಡುತ್ತವೆ. ಲೆನ್ಸನ್ನು ಎರಡು ಸರಳಿನ ನಡುವೆ ಇಟ್ಟು ತೆಗೆಯಿರಿ. ಕಣ್ಣಿನ ಪಾಪೆ ದುಂಡಗೆ ಕಪ್ಪಾಗಿ ಹಿಗ್ಗಿದ್ದರೆ ಒಂದೋ ಬೆಳಕು ಸಾಲದು, ಇಲ್ಲ ಹೆದರಿದೆ, ಆವತ್ತಿಗೆ ಬಿಟ್ಟು ಮರುದಿನ ಹೋಗಿ. ಟವೆಲ್ ಅದೇ ಇರಲಿ, ನಡುವೆ ಒಗೆಯಬೇಡಿ, ತನ್ನದೇ ವಾಸನೆ ಇದ್ದರೆ ಬೆಕ್ಕಿಗೆ ಧೈರ್ಯ.