ಓದುಗರ ಪ್ರಶ್ನೆ: ಐರ್ಲೆಂಡಿನ ಹಸಿರು ಅಂಚೆಪೆಟ್ಟಿಗೆ

ಕಳೆದ ತಿಂಗಳು ಈ ಅಂಕಣಕ್ಕೆ ಐರ್ಲೆಂಡಿನ ಬಗ್ಗೆ ಪ್ರಶ್ನೆಗಳನ್ನು ಕಳಿಸಬಹುದೆಂದು ತಿಳಿಸಿದ್ದೆವು. ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಒಟ್ಟುಗೂಡಿಸಿ, ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದೆ.

ಐರ್ಲೆಂಡ್ ಇಂಗ್ಲೆಂಡಿಗೆ ಸೇರಿದ್ದಲ್ಲವೇ? ಕ್ರಿಕೆಟ್ಟಿನಲ್ಲಿ ಅದಕ್ಕೆ ಬೇರೆ ತಂಡವಿದೆ, ನಕ್ಷೆಯಲ್ಲಿ ನೋಡಿದರೆ ದ್ವೀಪಕ್ಕೆ ಎರಡು ಬಣ್ಣಗಳಿವೆ. (ತುಮಕೂರು)

ದ್ವೀಪ ಒಂದೇ, ಆಡಳಿತ ಎರಡು. 32 ಕೌಂಟಿಗಳಲ್ಲಿ 26 ಸೇರಿ, ಡಬ್ಲಿನ್ ರಾಜಧಾನಿಯಾಗಿರುವ ಸ್ವತಂತ್ರ ಗಣರಾಜ್ಯವಾಗಿದೆ. ಈಶಾನ್ಯದ 6 ಕೌಂಟಿಗಳ ಉತ್ತರ ಐರ್ಲೆಂಡ್ ಇಂದಿಗೂ ಬ್ರಿಟನ್ನಿನ ಭಾಗ. ಕ್ರಿಕೆಟ್ ಮತ್ತು ರಗ್ಬಿ ತಂಡಗಳು ಇಡೀ ದ್ವೀಪಕ್ಕೆ ಸೇರಿದವು, ಫುಟ್‌ಬಾಲ್ ತಂಡಗಳು ಮಾತ್ರ ಎರಡು. ಡಬ್ಲಿನ್ನಿನವರನ್ನು ಬ್ರಿಟಿಷರೆಂದು ಕರೆದರೆ ಅವರು ನಕ್ಕು ಸುಮ್ಮನಾಗಬಹುದು, ಆದರೆ ಆ ನಗುವಿನಲ್ಲಿ ಸಂತೋಷವಿರುವುದಿಲ್ಲ.

12ನೆಯ ಶತಮಾನದಲ್ಲಿ ನಾರ್ಮನ್ನರ ದಾಳಿಯಿಂದ ಆರಂಭವಾದ ಇಂಗ್ಲಿಷ್ ಹಿಡಿತ, 17ನೆಯ ಶತಮಾನದಲ್ಲಿ ಉತ್ತರದ ಅಲ್‌ಸ್ಟರ್ ಸೀಮೆಯ ಜಮೀನನ್ನು ಸ್ಥಳೀಯ ಕ್ಯಾಥೊಲಿಕರಿಂದ ಕಿತ್ತು ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡಿನ ಪ್ರಾಟೆಸ್ಟೆಂಟರಿಗೆ ಹಂಚುವ ಮಟ್ಟಕ್ಕೆ ಬೆಳೆಯಿತು. ಇಂದಿನ ಎರಡು ಬಣ್ಣಗಳ ಬೇರು ಆ ಹಂಚಿಕೆಯಲ್ಲಿದೆ. 1916ರ ಈಸ್ಟರ್ ಸೋಮವಾರ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ಕೇಂದ್ರವಾಗಿಟ್ಟುಕೊಂಡು ಬಂಡಾಯ ಎದ್ದಾಗ ಊರಿನ ಬಹಳಷ್ಟು ಜನ ಅದನ್ನು ಮೆಚ್ಚಿರಲಿಲ್ಲ. ಆದರೆ ಮೇ ತಿಂಗಳಲ್ಲಿ ಬ್ರಿಟಿಷರು 15 ಮಂದಿಯನ್ನು ಗುಂಡಿಕ್ಕಿ ಕೊಂದರು. ಗಾಯದಿಂದ ನಿಲ್ಲಲಾಗದಿದ್ದ ಬಂಡಾಯದ ನಾಯಕ ಜೇಮ್ಸ್ ಕಾನಲಿಯನ್ನು ಕುರ್ಚಿಗೆ ಕಟ್ಟಿ ಕೊಂದ ಸುದ್ದಿ ಹರಡಿದ ಮೇಲೆ ಜನರ ಮನಸ್ಸು ತಿರುಗಿತು. 1919ರಿಂದ 1921ರವರೆಗೆ ಗೆರಿಲ್ಲಾ ಯುದ್ಧ, ಅದರ ನಡುವೆಯೇ ವಿಭಜನೆ, ಆಮೇಲೆ ಬ್ರಿಟನ್ನಿನೊಡನೆ ಒಪ್ಪಂದ, ಅದರ ಬೆನ್ನಿಗೇ ಒಪ್ಪಂದವನ್ನು ಒಪ್ಪಿದವರಿಗೂ ಒಪ್ಪದವರಿಗೂ ನಡುವೆ ಅಂತರ್ಯುದ್ಧ. 1949ರಲ್ಲಿ ದಕ್ಷಿಣವು ಗಣರಾಜ್ಯವಾಯಿತು. ಉತ್ತರದಲ್ಲಿ 1960ರ ದಶಕದ ಕೊನೆಯಿಂದ ಮೂರು ದಶಕ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್ 10ರ ಒಪ್ಪಂದ ಅದಕ್ಕೆ ಬಹುಮಟ್ಟಿಗೆ ಕೊನೆ ಹಾಡಿತು. ಈಗ ಗಡಿ ದಾಟಿದ್ದು ತಿಳಿಯುವುದು ವೇಗದ ಫಲಕಗಳಿಂದ: ದಕ್ಷಿಣದಲ್ಲಿ ಕಿಲೋಮೀಟರು, ಉತ್ತರದಲ್ಲಿ ಮೈಲಿ.

ಈ ಇತಿಹಾಸವನ್ನು ಬೀದಿಯಲ್ಲಿ ನೋಡಬೇಕೆಂದರೆ ಅಂಚೆಪೆಟ್ಟಿಗೆಯ ಹತ್ತಿರ ಹೋಗಬೇಕು. 1922ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ಬ್ರಿಟಿಷರ ಕೆಂಪು ಪೆಟ್ಟಿಗೆಗಳನ್ನು ಕಿತ್ತುಹಾಕದೆ ಹಸಿರು ಬಣ್ಣ ಬಳಿಸಿತು. ಇಂದಿಗೂ ಹಳೆಯ ಪೆಟ್ಟಿಗೆಗಳ ಮೈಮೇಲೆ, ಪದರ ಪದರ ಹಸಿರಿನ ಕೆಳಗೆ, ವಿಕ್ಟೋರಿಯಾ ರಾಣಿಯ ಇಲ್ಲವೇ ಏಳನೆಯ ಎಡ್ವರ್ಡನ ಮುದ್ರೆಯ ಉಬ್ಬಕ್ಷರಗಳು ಬೆರಳಿಗೆ ತಾಕುತ್ತವೆ. ಖರ್ಚು ಉಳಿಸಲು ಮಾಡಿದ ಈ ಕೆಲಸ, ಕಂಚಿನ ಪ್ರತಿಮೆಗಳಿಗಿಂತ ಚೆನ್ನಾಗಿ ಆ ದೇಶದ ಕಥೆಯನ್ನು ಹೇಳುತ್ತದೆಂದು ನನ್ನ ಅನಿಸಿಕೆ.

ಅಲ್ಲಿ ಹಾವುಗಳೇ ಇಲ್ಲವಂತೆ, ಸಂತರೊಬ್ಬರು ಓಡಿಸಿದರಂತೆ. ನಿಜವೇ? (ಪುತ್ತೂರು)

ಹಾವುಗಳಿಲ್ಲ ಎನ್ನುವುದು ನಿಜ, ಓಡಿಸಿದ್ದು ಐತಿಹ್ಯ. ಹಿಮಯುಗ ಮುಗಿದ ಮೇಲೆ ಹಾವುಗಳು ಬಂದು ಸೇರುವ ಮೊದಲೇ ಸಮುದ್ರ ಅಡ್ಡ ಬಂದಿತ್ತು. ಕಥೆಯ ಸಂತ ಪ್ಯಾಟ್ರಿಕ್ 5ನೆಯ ಶತಮಾನದವನು. ಹುಡುಗನಾಗಿದ್ದಾಗ ಬ್ರಿಟನ್ನಿನಿಂದ ಗುಲಾಮನಾಗಿ ಹಿಡಿದು ತರಲ್ಪಟ್ಟವನು. ಅಂದರೆ ಮಾರ್ಚ್ 17ರಂದು ಐರಿಷರು ಲೋಕದೆಲ್ಲೆಡೆ ಕೊಂಡಾಡುವ ಅವರ ರಾಷ್ಟ್ರಸಂತ ಹುಟ್ಟಿನಿಂದ ಐರಿಷನೇ ಅಲ್ಲ.

ನಾವು ಆಲೂಗಡ್ಡೆ ಬೆಳೆಯುವವರು. ಅಂಗಮಾರಿ ರೋಗದಿಂದ ಒಂದು ದೇಶವೇ ಹಾಳಾಯಿತೆಂದು ಕೃಷಿ ತರಬೇತಿಯಲ್ಲಿ ಹೇಳಿದರು. ಒಂದು ಬೆಳೆ ಹೋದರೆ ದೇಶ ಹೇಗೆ ಹಾಳಾಗುತ್ತದೆ? (ಹಾಸನ)

ತಮ್ಮ ಪ್ರಶ್ನೆಯಲ್ಲೇ ಸರಿಯಾದ ಅನುಮಾನವಿದೆ. ರೋಗ ಬೆಳೆಯನ್ನು ಕೊಂದಿತು, ಜನರನ್ನು ಕೊಂದದ್ದು ರೋಗವೊಂದೇ ಅಲ್ಲ.

ರೋಗ ತಮ್ಮ ಹೊಲದಲ್ಲಿ ಬರುವುದೇ: ಫೈಟಾಫ್ತೊರಾ ಇನ್‌ಫೆಸ್ಟಾನ್ಸ್. ಮೋಡ ಮುಸುಕಿ, ತಂಪಾಗಿ, ಎಲೆಯ ಮೇಲೆ ನೀರು ನಿಂತ ನಾಲ್ಕಾರು ದಿನಗಳಲ್ಲಿ ಹೊಲಕ್ಕೆ ಹೊಲವೇ ಕಪ್ಪಾಗುವುದನ್ನು ತಾವು ಕಂಡಿರುತ್ತೀರಿ. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗವೂ ಇದೇ ಕುಲದ್ದು. ಅಡಿಕೆ ಬೆಳೆಗಾರರು ಸಿಂಪಡಿಸುವ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ರೂಢಿಗೆ ಬಂದದ್ದು 1880ರ ದಶಕದಲ್ಲಿ. ಐರ್ಲೆಂಡಿಗೆ ರೋಗ ಕಾಲಿಟ್ಟದ್ದು 1845ರ ಸೆಪ್ಟೆಂಬರಿನಲ್ಲಿ, ಆಗ ಅದಕ್ಕೆ ಮದ್ದೂ ಇರಲಿಲ್ಲ, ಕಾರಣವೂ ಗೊತ್ತಿರಲಿಲ್ಲ. ಬಡವರೆಲ್ಲ ಹೆಚ್ಚಾಗಿ ಬೆಳೆಯುತ್ತಿದ್ದದ್ದು ‘ಲಂಪರ್’ ಎಂಬ ಒಂದೇ ತಳಿ. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬಿತ್ತುವುದರಿಂದ ಗಿಡಗಳೆಲ್ಲ ಒಂದೇ ಗುಣದವು, ಹಾಗಾಗಿ ಒಂದು ಗಿಡಕ್ಕೆ ತಗಲಿದ್ದು ಎಲ್ಲಕ್ಕೂ ತಗಲಿತು. ಮೊದಲ ವರ್ಷ ಬೆಳೆಯ ಒಂದು ಭಾಗ ಹೋಯಿತು, 1846ರಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಯಿತು.

ಬೆಳೆ ಯುರೋಪಿನ ಬೇರೆ ದೇಶಗಳಲ್ಲೂ ಹೋಗಿತ್ತು, ಆದರೆ ಐರ್ಲೆಂಡಿನ ಹಾಗೆ ಜನ ಎಲ್ಲಿಯೂ ಸಾಯಲಿಲ್ಲ. ಏಕೆಂದರೆ ಇಲ್ಲಿ ಭೂಮಿ ಜಮೀನ್ದಾರರದ್ದು, ಅವರಲ್ಲಿ ಅನೇಕರು ಇಂಗ್ಲೆಂಡಿನಲ್ಲಿ ಕುಳಿತವರು. ಗೇಣಿದಾರ ಬೆಳೆದ ಓಟ್ಸ್, ಸಾಕಿದ ಹಂದಿ ಗುತ್ತಿಗೆ ಹಣಕ್ಕೆ ಹೋಗುತ್ತಿದ್ದವು. ಮನೆಮಂದಿಯ ಹೊಟ್ಟೆಗೆ ಉಳಿದದ್ದು ಕಾಲು ಎಕರೆ, ಅರ್ಧ ಎಕರೆಯ ತುಂಡು ನೆಲ. ಅಷ್ಟರಲ್ಲಿ ಸಂಸಾರವನ್ನು ಸಾಕಬಲ್ಲದ್ದು ಆಲೂಗಡ್ಡೆ ಮಾತ್ರ. ಸುಮಾರು 30 ಲಕ್ಷ ಜನ ಅದನ್ನೇ ನಂಬಿದ್ದರು. ಅವರು ಹಸಿದಿದ್ದಾಗಲೂ ಧಾನ್ಯ, ಬೆಣ್ಣೆ, ದನಗಳನ್ನು ಹೊತ್ತ ಹಡಗುಗಳು ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಮಾರುಕಟ್ಟೆಯಲ್ಲಿ ಸರ್ಕಾರ ಕೈಹಾಕಬಾರದು, ಉಚಿತ ಅನ್ನ ಜನರನ್ನು ಸೋಮಾರಿಗಳನ್ನಾಗಿಸುತ್ತದೆ ಎಂಬುದು ಲಂಡನ್ನಿನ ಅಧಿಕಾರಿಗಳ ನಂಬಿಕೆಯಾಗಿತ್ತು. ಹೊಟ್ಟೆಗಿಲ್ಲದವರಿಂದ ಕಲ್ಲು ಒಡೆಸಿ, ಎಲ್ಲಿಗೂ ಹೋಗದ ರಸ್ತೆಗಳನ್ನು ಹಾಕಿಸಿದರು. 1847ರ ಬೇಸಿಗೆಯಲ್ಲಿ ಗಂಜಿಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಿಸಿದವು, ಅಂದರೆ ಮನಸ್ಸು ಮಾಡಿದರೆ ಸಾಧ್ಯವಿತ್ತು. ಕೆಲವೇ ತಿಂಗಳಲ್ಲಿ ಅವನ್ನೂ ಮುಚ್ಚಿದರು. ಕಾಲು ಎಕರೆಗಿಂತ ಹೆಚ್ಚು ಭೂಮಿ ಇಟ್ಟುಕೊಂಡವನಿಗೆ ಪರಿಹಾರವಿಲ್ಲವೆಂಬ ಕಾನೂನು ಬಂದ ಮೇಲೆ, ಒಂದು ಹೊತ್ತಿನ ಊಟಕ್ಕಾಗಿ ಜನ ನೆಲವನ್ನೇ ಬಿಟ್ಟುಕೊಟ್ಟರು.

ಆ ಪರಿಹಾರದ ಹಣದ ಚೀಲ ಹಿಡಿದಿದ್ದ ಖಜಾನೆ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ಇವನೇ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ; ಬಳ್ಳಾರಿ, ಮಂಗಳೂರು ಆಗ ಆ ಪ್ರಾಂತ್ಯಕ್ಕೆ ಸೇರಿದ್ದವು. ಅವನು ಹೋದ ಎಷ್ಟೋ ವರ್ಷಗಳ ಮೇಲೆ ಧಾತು-ಈಶ್ವರ ಸಂವತ್ಸರಗಳ ಬರ ಬಂದಾಗ, ಮಾರುಕಟ್ಟೆಗೆ ಕೈಹಾಕಬಾರದೆಂಬ ಅದೇ ವಾದವನ್ನು ನಮ್ಮ ಜನರೂ ಕೇಳಬೇಕಾಯಿತು.

ಸತ್ತವರು ಸುಮಾರು 10 ಲಕ್ಷ, ಹಡಗು ಹತ್ತಿ ಹೋದವರು ಸುಮಾರು 10 ಲಕ್ಷ. 1841ರಲ್ಲಿ 82 ಲಕ್ಷಕ್ಕೆ ಹತ್ತಿರವಿದ್ದ ದ್ವೀಪದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿಯಿತು. ವಲಸೆ ಅಲ್ಲಿಗೆ ನಿಲ್ಲಲಿಲ್ಲ. ದ್ವೀಪ ಇಂದಿಗೂ 1841ರ ಸಂಖ್ಯೆಯನ್ನು ಮುಟ್ಟಿಲ್ಲ. ಪಶ್ಚಿಮದ ಬೆಟ್ಟಗಳ ಮೇಲೆ ಸಂಜೆಯ ಓರೆಬಿಸಿಲು ಬಿದ್ದಾಗ, ಹುಲ್ಲಿನ ಕೆಳಗೆ ಸಾಲುಸಾಲಾಗಿ ಬೋದುಗಳ ಗುರುತು ಎದ್ದು ಕಾಣುತ್ತದೆ. ಆಗ ಬಿಟ್ಟುಹೋದ ಆಲೂಗಡ್ಡೆ ಹೊಲಗಳು ಅವು, ಮತ್ತೆ ಯಾರೂ ಉಳಲಿಲ್ಲ.

ಐರಿಷ್ ಭಾಷೆ ಅಲ್ಲಿ ಪ್ರಥಮ ಅಧಿಕೃತ ಭಾಷೆ ಎಂದು ಓದಿದ್ದೇನೆ. ಆದರೂ ಎಲ್ಲರೂ ಇಂಗ್ಲಿಷ್ ಆಡುತ್ತಾರಂತೆ. ಹೀಗೇಕೆ? (ಧಾರವಾಡ)

ಶಿಕ್ಷಕರೆಂದು ತಾವು ಹೇಳಿಕೊಂಡಿರುವುದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಐರಿಷ್, ಅವರ ಬಾಯಲ್ಲಿ ‘ಗೇಲ್ಗೆ’, ಇಂಗ್ಲಿಷಿನ ಉಪಭಾಷೆಯಲ್ಲ. ಸ್ವಂತ ವ್ಯಾಕರಣವುಳ್ಳ ಕೆಲ್ಟಿಕ್ ಭಾಷೆ. 1831ರಲ್ಲಿ ಆರಂಭವಾದ ಸರ್ಕಾರಿ ಶಾಲೆಗಳು ಇಂಗ್ಲಿಷಿನಲ್ಲೇ ಕಲಿಸಿದವು. ಮಗುವಿನ ಕೊರಳಿಗೆ ಒಂದು ಕೋಲು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೊಂದು ಗೀರು ಹಾಕಿ, ಸಂಜೆ ಗೀರುಗಳನ್ನೆಣಿಸಿ ಹೊಡೆಯುವ ಪದ್ಧತಿ ಎಷ್ಟೋ ಕಡೆ ಇತ್ತು. ಮನಸ್ಸಿಗೆ ಚುಚ್ಚುವ ಸಂಗತಿಯೆಂದರೆ, ಗೀರು ಹಾಕುವುದಕ್ಕೆ ತಂದೆತಾಯಿಗಳೂ ಒಪ್ಪಿದ್ದರು. ಅಮೆರಿಕಕ್ಕೆ ಹೋಗುವ ಮಗುವಿಗೆ ಇಂಗ್ಲಿಷ್ ಬೇಕಿತ್ತು. ಕ್ಷಾಮದಲ್ಲಿ ಹೆಚ್ಚು ಸತ್ತವರೂ ಹೆಚ್ಚು ಊರು ಬಿಟ್ಟವರೂ ಐರಿಷ್ ಮಾತಾಡುವ ಬಡವರೇ ಆಗಿದ್ದರು.

ಸ್ವತಂತ್ರ ರಾಜ್ಯವು ಭಾಷೆಗೆ ಕೊಡಬಹುದಾದ ಮರ್ಯಾದೆಯನ್ನೆಲ್ಲ ಕೊಟ್ಟಿತು. ಶಾಲೆಯಲ್ಲಿ ಕಡ್ಡಾಯ, ದಾರಿಯ ಫಲಕಗಳಲ್ಲಿ ಮೇಲಿನ ಸಾಲು, 1937ರ ಸಂವಿಧಾನದಲ್ಲಿ ಪ್ರಥಮ ಸ್ಥಾನ, 2007ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆಂದು ಬರೆಸಿದರು. ಶಾಲೆಯ ಹೊರಗೆ ಅದನ್ನು ದಿನವೂ ಆಡುವವರೆಂದು ಹೇಳಿಕೊಂಡವರು 72,000ಕ್ಕೂ ತುಸು ಕಡಿಮೆ. ಕನ್ನಡದ ಬಗ್ಗೆ ಆದೇಶಗಳನ್ನು ಬಯಸುವ ನಾವು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸರ್ಕಾರ ಭಾಷೆಯನ್ನು ಪರೀಕ್ಷೆಗೆ ತರಬಲ್ಲದು, ಅಡುಗೆಮನೆಗೆ ತರಲಾರದು.

ಅಡುಗೆಮನೆಯಲ್ಲಿ ಅದು ಉಳಿದಿರುವುದು ಡೊನೆಗಾಲ್, ಕನೆಮಾರ, ಕೆರಿಯಂಥ ಕಡಲಂಚಿನ ಪ್ರದೇಶಗಳಲ್ಲಿ. ಪಟ್ಟಣದ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಮೂರು ವಾರ ಅಲ್ಲಿಗೆ ಕಳಿಸುವ ರೂಢಿಯಿದೆ. ಮಕ್ಕಳು ಊರಿನವರ ಮನೆಯಲ್ಲೇ ಇರುತ್ತಾರೆ. ಮನೆಯೊಡತಿ ಅನ್ನ ಹಾಕುತ್ತಾಳೆ, ಭಾಷೆಯನ್ನು ತಿದ್ದುತ್ತಾಳೆ. ಐರಿಷ್ ಮಾಧ್ಯಮದ ಶಾಲೆಗಳಿಗೂ ನಗರಗಳಲ್ಲಿ ಬೇಡಿಕೆಯಿದೆ. ಸತ್ತಿತೆಂದು ಬರೆಯುವವರ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ.

ಕನ್ನಡಿಗರಿಗೆ ಈ ಭಾಷೆಯ ಜಾಯಮಾನ ಅಷ್ಟೇನೂ ಪರಕೀಯವೆನಿಸದು. ಅದರಲ್ಲಿ ‘ಹೌದು’, ‘ಅಲ್ಲ’ ಎಂಬುದಕ್ಕೆ ಬಿಡಿಪದಗಳಿಲ್ಲ. ನಾವು ‘ಊಟ ಆಯಿತೇ?’ ಎಂದಾಗ ‘ಆಯಿತು’ ಎನ್ನುವಂತೆ ಕ್ರಿಯಾಪದವನ್ನೇ ಮರಳಿಸಬೇಕು. ‘ನಾನು ಹಸಿದಿದ್ದೇನೆ’ ಎನ್ನುವುದಕ್ಕಿಂತ ‘ನನಗೆ ಹಸಿವಾಗಿದೆ’ ಎನ್ನುವುದು ನಮಗೆ ಸಹಜವಲ್ಲವೇ? ಅವರು ‘ಹಸಿವು ನನ್ನ ಮೇಲಿದೆ’ ಎನ್ನುತ್ತಾರೆ. ದುಃಖ, ಬಾಯಾರಿಕೆ, ನಾಚಿಕೆ ಎಲ್ಲವೂ ಹಾಗೆಯೇ ಬಂದು ಮೈಮೇಲೆ ಕೂರುವಂಥವು.

ನಮ್ಮ ರಾಜ್ಯ ನೀತಿಯ ನಿರ್ದೇಶಕ ತತ್ವಗಳು ಐರ್ಲೆಂಡಿನಿಂದ ಬಂದವೆಂದು ಪಠ್ಯದಲ್ಲಿದೆ. ಇಷ್ಟು ಚಿಕ್ಕ ದೇಶದಿಂದ ಏಕೆ? (ಕಲಬುರಗಿ)

ನಮಗಿಂತ ಮೊದಲು ಬ್ರಿಟಿಷ್ ಹಿಡಿತದಿಂದ ಹೊರಬಂದು ತನ್ನದೇ ಸಂವಿಧಾನ ಬರೆದುಕೊಂಡ ದೇಶ ಎಂಬುದೇ ಮುಖ್ಯ ಕಾರಣ. ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗರಾಯರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್ನಿನ ಜೊತೆಗೆ ಐರ್ಲೆಂಡಿಗೂ ಹೋಗಿ ಅಲ್ಲಿನವರೊಡನೆ ಚರ್ಚಿಸಿ ಬಂದರು. ಐರಿಷ್ ಸಂವಿಧಾನದ 45ನೆಯ ವಿಧಿ ಸಾಮಾಜಿಕ ನೀತಿಯ ತತ್ವಗಳನ್ನು ಹೇಳಿ, ಇವು ಶಾಸಕಾಂಗಕ್ಕೆ ದಾರಿ ತೋರಿಸಲಿಕ್ಕೆ, ನ್ಯಾಯಾಲಯದ ವಿಚಾರಣೆಗಲ್ಲ ಎನ್ನುತ್ತದೆ. ನಮ್ಮ 37ನೆಯ ವಿಧಿಯ ಧಾಟಿಯೂ ಅದೇ. ರಾಜ್ಯಸಭೆಗೆ 12 ಮಂದಿಯನ್ನು ನಾಮಕರಣ ಮಾಡುವ ಪದ್ಧತಿಗೂ ಅಲ್ಲಿನ ಮೇಲ್ಮನೆಯೇ ಮಾದರಿ.

ನಮ್ಮ ಊರಿನ ಹೆಣ್ಣುಮಗಳ ಸಾವಿನಿಂದ ಅಲ್ಲಿನ ಕಾನೂನು ಬದಲಾಯಿತೆನ್ನುತ್ತಾರೆ. ಅಷ್ಟು ಮುಂದುವರಿದ ದೇಶದಲ್ಲಿ ಅಂಥ ಕಾನೂನು ಹೇಗಿತ್ತು? (ಬೆಳಗಾವಿ)

ಬ್ರಿಟಿಷ್ ಕಾಲದಲ್ಲಿ ತುಳಿತಕ್ಕೊಳಗಾದ ಕ್ಯಾಥೊಲಿಕ್ ಧರ್ಮ ಐರಿಷ್‌ತನದ ಗುರುತೇ ಆಗಿತ್ತು. ಸ್ವಾತಂತ್ರ್ಯಾನಂತರ ಶಾಲೆ, ಆಸ್ಪತ್ರೆ, ಕುಟುಂಬದ ಕಾನೂನು ಎಲ್ಲದರ ಮೇಲೂ ಚರ್ಚಿನ ಮಾತು ನಡೆಯಿತು. ವಿಚ್ಛೇದನಕ್ಕೆ ಅವಕಾಶ ದೊರೆತದ್ದು 1995ರ ಜನಮತಗಣನೆಯಲ್ಲಿ, ಅದೂ ಕೂದಲೆಳೆಯ ಅಂತರದಿಂದ. 1983ರ ಎಂಟನೆಯ ತಿದ್ದುಪಡಿಯು ಗರ್ಭದ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಕೊಟ್ಟಿತ್ತು. 2012ರ ಅಕ್ಟೋಬರಿನಲ್ಲಿ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರಿಗೆ 17ನೆಯ ವಾರದಲ್ಲಿ ಗರ್ಭಪಾತವಾಗುತ್ತಿತ್ತು, ಗರ್ಭ ಉಳಿಯುವಂತಿರಲಿಲ್ಲ. ಆದರೂ ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಅವರು ಕೇಳಿಕೊಂಡ, ಗರ್ಭ ತೆಗೆಯುವ ಚಿಕಿತ್ಸೆಯನ್ನು ಗಾಲ್ವೇ ನಗರದ ಆಸ್ಪತ್ರೆಯಲ್ಲಿ ನಿರಾಕರಿಸಲಾಯಿತು. ರಕ್ತಕ್ಕೆ ಸೋಂಕು ಹರಡಿ 28ರಂದು ಅವರು ತೀರಿಕೊಂಡರು. ಆಗ ಬೀದಿಗಿಳಿದ ಜನ ಸುಮ್ಮನಾಗಲಿಲ್ಲ. 2018ರ ಮೇ 25ರಂದು ಶೇ. 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ‘ಹೌದು’ ಎಂದು ಮತ ಹಾಕಿರೆಂದು ಬೆಳಗಾವಿಯಿಂದ ಅವರ ತಂದೆತಾಯಿಯೂ ಕೇಳಿಕೊಂಡಿದ್ದರು. ಫಲಿತಾಂಶದ ದಿನ ಡಬ್ಲಿನ್ನಿನ ಗೋಡೆಯೊಂದರ ಮೇಲಿದ್ದ ಸವಿತಾ ಅವರ ಚಿತ್ರದ ಸುತ್ತ ಜನ ಚೀಟಿಗಳನ್ನು ಅಂಟಿಸಿ ಹೋದರು. ಕ್ಷಮೆ ಕೇಳಿದ ಚೀಟಿಗಳೇ ಹೆಚ್ಚು.

ಮಗಳು ಓದಲು ಡಬ್ಲಿನ್ನಿಗೆ ಹೊರಟಿದ್ದಾಳೆ. ಅಲ್ಲಿನ ದಿನಬಳಕೆಯ ರೀತಿನೀತಿ ತಿಳಿಸುವಿರಾ? (ಶಿವಮೊಗ್ಗ)

ಮೊದಲು ಕಷ್ಟದ್ದು: ಬಾಡಿಗೆ ಕೋಣೆ ಸಿಗುವುದು ದುರ್ಲಭ, ಸಿಕ್ಕರೂ ದುಬಾರಿ. ಕೋಣೆಯನ್ನು ಕಣ್ಣಾರೆ ನೋಡದೆ ಯಾರಿಗೂ ಮುಂಗಡ ಕಳಿಸಬಾರದು. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆ ದಾಟುತ್ತಲೇ ಕತ್ತಲಾಗುತ್ತದೆ, ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ಮೊದಲ ಚಳಿಗಾಲದಲ್ಲಿ ಮನಸ್ಸು ಕುಗ್ಗಿದರೆ ಗಾಬರಿಪಡಬೇಕಿಲ್ಲ. ಮಳೆ ತಮಗೆ ಹೊಸದಲ್ಲ, ಆದರೆ ಅದು ಆಗುಂಬೆಯಂತೆ ಸುರಿಯುವುದಿಲ್ಲ, ಗಾಳಿಯೊಂದಿಗೆ ಅಡ್ಡಡ್ಡ ಜಿನುಗುತ್ತದೆ. ಕೊಡೆ ಮುರಿಯುತ್ತದೆ, ತಲೆಗವಸಿರುವ ಮಳೆಕೋಟು ಕೊಡಿಸಿ.

ಬಸ್ಸಿಗೆ ಕೈ ತೋರಿಸಬೇಕು, ಇಳಿಯುವಾಗ ಚಾಲಕನಿಗೆ ‘ಥ್ಯಾಂಕ್ಸ್’ ಹೇಳಬೇಕು. ಹೇಳದೆ ಇಳಿಯುವವರು ಕಡಿಮೆ. ಹಳ್ಳಿಯ ದಾರಿಯಲ್ಲಿ ಎದುರು ಬರುವ ಕಾರಿನವರು ಸ್ಟಿಯರಿಂಗಿನಿಂದ ತೋರುಬೆರಳನ್ನಷ್ಟೇ ಎತ್ತುತ್ತಾರೆ, ಅದು ಗುರುತಿಲ್ಲದವರಿಗೂ ಸಲ್ಲುವ ನಮಸ್ಕಾರ. ಸಹಪಾಠಿಗಳ ಹೆಸರನ್ನು ಬರೆದಂತೆ ಓದಬಾರದು. ಐರಿಷ್ ಕಾಗುಣಿತದಲ್ಲಿ ‘ಬಿ’ ಅಥವಾ ‘ಎಂ’ ಅಕ್ಷರದ ನಂತರ ‘ಎಚ್’ ಬಂದರೆ ಸಾಮಾನ್ಯವಾಗಿ ‘ವ’ಕಾರ. ಅದು ತಿಳಿದರೆ ‘ಶಿವೋನ್’ (Siobhán), ‘ನೀವ್’ (Niamh) ಎಂಬ ಹೆಸರುಗಳು ಕಾಗದದ ಮೇಲೆ ಕಂಡಾಗ ತಬ್ಬಿಬ್ಬಾಗುವುದಿಲ್ಲ. ಗೆಳೆಯರು ಪಬ್ಬಿಗೆ ಕರೆದರೆ ಮದ್ಯ ಕುಡಿಯಲೇಬೇಕೆಂದಿಲ್ಲ, ಆದರೆ ಅಲ್ಲಿ ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವ ಕ್ರಮವಿದೆ. ತನ್ನ ಸರದಿ ತಪ್ಪಿಸಿಕೊಂಡವರನ್ನು ಅವರು ಮರೆಯುವುದಿಲ್ಲ. ಪರಿಚಯದವರ ಮನೆಯಲ್ಲಿ ಸಾವಾದರೆ ಎರಡು ಮಾತಿನ ಪರಿಚಯವಿದ್ದರೂ ಹೋಗಿ ಕೈ ಕುಲುಕಿ ಬರುವುದು ರೂಢಿ. ಸ್ಥಳೀಯ ರೇಡಿಯೋಗಳು ಸಾವಿನ ಸುದ್ದಿಯನ್ನೇ ಪ್ರತ್ಯೇಕವಾಗಿ ಓದುತ್ತವೆ.

ಇನ್ನು ಚಹಾ. ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯುವವರ ಸಾಲಿನಲ್ಲಿ ಐರಿಷರಿದ್ದಾರೆ. ನಮ್ಮಂತೆಯೇ ಕಡುವಾಗಿ, ಹಾಲು ಹಾಕಿ. ಯಾರ ಮನೆಗೆ ಹೋದರೂ ಕೇಳುತ್ತಾರೆ. ಮೊದಲ ಸಲ ‘ಬೇಡ’ ಎಂದರೆ ಅದನ್ನು ಅವರು ಉತ್ತರವೆಂದು ಎಣಿಸುವುದಿಲ್ಲ, ಎರಡನೆಯ ಸಲವೂ ಇಲ್ಲ. ಈ ಪಾಠವನ್ನು ತಮ್ಮ ಮಗಳು ಶಿವಮೊಗ್ಗದಲ್ಲೇ ಕಲಿತಿರುತ್ತಾಳೆ. ನಿಜವಾಗಿಯೂ ಬೇಡವಾಗಿದ್ದರೆ ಮೂರನೆಯ ಸಲ ಹೇಳಿ ನೋಡಲಿ. ಅಷ್ಟರಲ್ಲಿ ಲೋಟ ಬಂದಿರುತ್ತದೆ, ಜೊತೆಗೆ ಬಿಸ್ಕತ್ತು ಕೂಡ.