ಹಳೆ ಪಿಕಪ್ ಕೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ನಮಸ್ಕಾರ. ಅಣ್ಣ ಅಂತ ಕರೆದು ಬರೆದಿದ್ದೀರಿ. ನಾನು ತಿಪಟೂರಿನವನು, ನೀವು ಅರಸೀಕೆರೆ. ಅಲ್ಲಿದ್ದಿದ್ದರೆ ಪಕ್ಕದೂರಿನವರು. ಅದೇ ಸಲುಗೆಯಲ್ಲಿ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ನೀವು ಬರೆದದ್ದು ಇಷ್ಟು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಗ್ವೆಲ್ಫ್‌ಗೆ ಬಂದು ನಾಲ್ಕು ತಿಂಗಳಾಗಿದೆ. ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಿದೆ. ನವೆಂಬರ್‌ನಲ್ಲಿ ಮನೆಯವರು ಮತ್ತು ಒಂದೂವರೆ ವರ್ಷದ ಮಗಳು ಬರುತ್ತಾರೆ. ಕೆಲಸದಲ್ಲಿ ಜೊತೆಗಿರುವವರೊಬ್ಬರು ತಮ್ಮ 2009ರ ಫೋರ್ಡ್ ರೇಂಜರ್ ಮಾರುತ್ತಿದ್ದಾರೆ. 4 ಲೀಟರ್ ಎಂಜಿನ್, ಫೋರ್ ವೀಲ್ ಡ್ರೈವ್, 1,90,000 ಕಿಲೋಮೀಟರ್ ಓಡಿದೆ, 6,500 ಡಾಲರ್ ಕೇಳುತ್ತಿದ್ದಾರೆ. ಸೀಟಿನ ಹಿಂದೆ ಚಿಕ್ಕ ಜಾಗ, ಅದರಲ್ಲಿ ಮಡಚುವ ಎರಡು ಪುಟ್ಟ ಸೀಟು. ಸ್ನೇಹಿತರೆಲ್ಲ ಕೊರೋಲಾ ತಗೊಳ್ಳಿ ಅಂತಾರೆ, ನಿಮ್ಮ ಮನಸ್ಸು ಪಿಕಪ್ ಮೇಲಿದೆ. ತಗೊಳ್ಳಬಹುದಾ?

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಾನು ನಿಮ್ಮ ಪಕ್ಕದ ಕಿಚನರ್‌ಗೆ ಬಂದು 17 ವರ್ಷವಾಯಿತು. ನನ್ನ ಮೊದಲ ಗಾಡಿಯೂ ಹಳೆ ಪಿಕಪ್ಪೇ. ಊರಿನಲ್ಲಿ ಅಪ್ಪ ಕೊಬ್ಬರಿ ಚೀಲ ಮಾರ್ಕೆಟ್‌ಗೆ ಹಾಕಲು ಪ್ರತಿ ಸಲ ಬಾಡಿಗೆ ಟೆಂಪೋಗೆ ಕಾಯಬೇಕಿತ್ತು. ಸ್ವಂತ ಗಾಡಿ ಅಂದರೆ ಲೋಡ್ ಹಾಕುವಂಥದ್ದೇ ಆಗಬೇಕು ಅಂತ ನನ್ನ ತಲೆಯಲ್ಲಿ ಆಗಲೇ ಕೂತುಬಿಟ್ಟಿತ್ತು. ಪಿಕಪ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಈ ರೇಂಜರ್ ಬೇಡ. ಕಾರಣ ಎಂಜಿನ್ ಅಲ್ಲ, ಬೆಲೆಯೂ ಅಲ್ಲ. ನಿಮ್ಮ ಮಗಳು.

ಆ ಗಾಡಿಯ ಹಿಂದಿನ ಪುಟ್ಟ ಸೀಟುಗಳು ಅಡ್ಡಕ್ಕೆ ಇರುತ್ತವೆ. ಕೂತವರ ಮುಖ ರಸ್ತೆ ಕಡೆಗೆ ಇರುವುದಿಲ್ಲ, ಒಬ್ಬರಿಗೊಬ್ಬರು ಎದುರಾಗಿ ಇರುತ್ತದೆ. ಅಲ್ಲಿ ಮಗುವಿನ ಸೀಟು ಕಟ್ಟಲು ಆಗುವುದಿಲ್ಲ. ಇಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಎಂಟು ವರ್ಷ ಆಗುವವರೆಗೆ, ಇಲ್ಲವೇ 36 ಕೆಜಿ ಅಥವಾ 145 ಸೆಂಟಿಮೀಟರ್ ಮುಟ್ಟುವವರೆಗೆ, ಮಕ್ಕಳಿಗೆ ಅವರವರ ಅಳತೆಯ ಸೀಟು ಇರಲೇಬೇಕು ಅಂತ ಒಂಟಾರಿಯೊ ಕಾನೂನು. ಪಕ್ಕದ ಸೀಟಿನ ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ ಇದೆ, ಮಗುವನ್ನು ಮುಂದೆಯೇ ಕೂರಿಸಬಹುದು ಅಂತ ಯಾರಾದರೂ ಹೇಳಬಹುದು. ಸರಿ, ಆಗ ನಿಮ್ಮ ಮನೆಯವರು ಎಲ್ಲಿ ಕೂರುತ್ತಾರೆ? ಜನವರಿಯ ಒಂದು ರಾತ್ರಿ ಮಗುವಿಗೆ ಜ್ವರ ಬಂತು ಅಂದುಕೊಳ್ಳಿ. ಹೊರಗೆ ಮೈನಸ್ 18. ಮೂವರೂ ಒಟ್ಟಿಗೆ ಹೊರಡಲು ಆಗದ ಗಾಡಿ ಮನೆಗೆ ಒಂದೇ ಗಾಡಿ ಆಗಬಾರದು.

ಇದೇ ಮಾತಿಗೆ ಇನ್ನೊಂದು. ಮಗುವಿನ ಸೀಟನ್ನು ಊರಿಂದ ತರಿಸಬೇಡಿ. ಕೆನಡಾದ ನ್ಯಾಷನಲ್ ಸೇಫ್ಟಿ ಮಾರ್ಕ್ ಇರುವ ಸೀಟು ಮಾತ್ರ ಇಲ್ಲಿ ನಡೆಯುತ್ತದೆ. ಇಲ್ಲೇ ಹೊಸದು ತಗೊಳ್ಳಿ. ಗಾಡಿ ನೋಡಲು ಹೋಗುವಾಗ ಅದನ್ನೂ ಜೊತೆಗೆ ಒಯ್ದು, ಕಟ್ಟಿ ನೋಡಿ. ಹಿಂಬದಿಗೆ ಮುಖ ಮಾಡಿ ಇಡುವ ಸೀಟಾದರೆ ಅದು ಮುಂದಿನ ಸೀಟನ್ನು ಎಷ್ಟು ಒತ್ತುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಯಾವುದನ್ನು ಹುಡುಕಬೇಕು? ನಾಲ್ಕು ಪೂರ್ತಿ ಬಾಗಿಲಿನದು, ಕ್ರೂ ಕ್ಯಾಬ್ ಅಂತಾರಲ್ಲ, ಅದು. ಇಲ್ಲಿ ಮಾರಿದ ಹಳೆ ರೇಂಜರ್‌ನಲ್ಲಿ ಅದು ಬರಲೇ ಇಲ್ಲ. 2011ರ ಕೊನೆಗೆ ಅದರ ಫ್ಯಾಕ್ಟರಿಯನ್ನೇ ಮುಚ್ಚಿದರು. 2019ರಲ್ಲಿ ಮತ್ತೆ ಬಂದ ರೇಂಜರ್ ದೊಡ್ಡದು, ಈಗ ನಿಮ್ಮ ಬಜೆಟ್‌ಗೆ ಸಿಗುವುದಿಲ್ಲ. ನಿಮಗೆ ಉಳಿಯುವುದು ಮುಖ್ಯವಾಗಿ ಮೂರು: ಟೊಯೋಟಾ ಟಕೋಮಾ, ನಿಸಾನ್ ಫ್ರಾಂಟಿಯರ್, ಷೆವರ್ಲೆ ಕೊಲೊರಾಡೊ. ಟಕೋಮಾ ಎಂಜಿನ್ ಬಹಳ ಗಟ್ಟಿ. ಅದು ಎಲ್ಲರಿಗೂ ಗೊತ್ತಿರುವುದರಿಂದ ಹತ್ತು ಹನ್ನೆರಡು ವರ್ಷವಾದರೂ ಬೆಲೆ ಇಳಿಯುವುದಿಲ್ಲ. ಆದರೆ ಹಳೆ ಟಕೋಮಾಗಳ ಚಾಸಿ ತುಕ್ಕು ಹಿಡಿಯುವುದು ದೊಡ್ಡ ಸುದ್ದಿಯೇ ಆಗಿತ್ತು. ಅಮೆರಿಕದಲ್ಲಿ ಅದು ಕೋರ್ಟಿಗೆ ಹೋಗಿ, ಕಂಪನಿ ಚಾಸಿ ಬದಲಿಸಿಕೊಡಲು ಒಪ್ಪಿಕೊಂಡಿತು. ಹಾಗಾಗಿ 2010ರದು ಅಥವಾ ಅದಕ್ಕಿಂತ ಹಳೆಯದು ಸಿಕ್ಕರೆ ಚಾಸಿ ಬದಲಾಗಿದೆಯಾ ಅಂತ ಕೇಳಿ, ಬಿಲ್ ತೋರಿಸಿ ಅನ್ನಿ. ಫ್ರಾಂಟಿಯರ್‌ನಲ್ಲಿ 2005ರಿಂದ 2010ರವರೆಗಿನ ಆಟೋಮ್ಯಾಟಿಕ್ ಗಾಡಿಗಳಿಗೆ ಬೇರೆ ಕಾಯಿಲೆ. ರೇಡಿಯೇಟರ್ ಒಳಗೆ ಸೋರಿ, ಕೂಲೆಂಟ್ ಹೋಗಿ ಗೇರ್‌ಬಾಕ್ಸ್ ಎಣ್ಣೆಗೆ ಸೇರುತ್ತದೆ. ಆಮೇಲೆ ಗೇರ್‌ಬಾಕ್ಸೇ ಹೋಗುತ್ತದೆ. ರೇಡಿಯೇಟರ್ ಬದಲಿಸಿದ ರಸೀದಿ ಇದ್ದರೆ ಅದು ಒಳ್ಳೆಯ ಗಾಡಿ. ನನ್ನ ಲೆಕ್ಕದಲ್ಲಿ ನಿಮ್ಮ ದುಡ್ಡಿಗೆ ಹೆಚ್ಚು ಹೊಂದುವುದು 2011ರ ನಂತರದ ಫ್ರಾಂಟಿಯರ್. ಇನ್ನೊಂದೆರಡು ಸಾವಿರ ಡಾಲರ್ ಜಾಸ್ತಿ ಆಗಬಹುದು. ಅದಕ್ಕಾಗಿ ಎರಡು ತಿಂಗಳು ಕಾದರೂ ನಷ್ಟವಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ತುಕ್ಕು.

ನಮ್ಮೂರಲ್ಲಿ ಹಳೆ ಗಾಡಿ ಕೊಳ್ಳುವಾಗ ಎಲ್ಲರೂ ಬಾನೆಟ್ ಎತ್ತಿ ನೋಡುತ್ತಾರೆ. ಎಂಜಿನ್ ಸದ್ದು ಕೇಳುತ್ತಾರೆ, ಹೊಗೆ ನೋಡುತ್ತಾರೆ. ಇಲ್ಲಿ ಎಂಜಿನ್ ಚೆನ್ನಾಗಿರುವಾಗಲೇ ಗಾಡಿ ಸಾಯುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಾಸಿಯ ಒಳಗೆ ಹೋಗಿ ಮಣ್ಣಿನ ಜೊತೆ ಕೂತುಬಿಡುತ್ತದೆ. ಪಿಕಪ್ಪಿನ ಚಾಸಿ ಹಲವು ಕಡೆ ಪೆಟ್ಟಿಗೆಯ ಹಾಗೆ, ಒಳಗೆ ಟೊಳ್ಳು. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕಬ್ಬಿಣ ಹಪ್ಪಳದಷ್ಟು ತೆಳ್ಳಗಾಗಿರುತ್ತದೆ.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲ ವರ್ಷ ಅಕ್ಟೋಬರ್‌ನಲ್ಲಿ ಒಬ್ಬರ ಹತ್ತಿರ ಪಿಕಪ್ ತಗೊಂಡೆ. ಮೇಲೆ ಫಳಫಳ, ಕೆಳಗೂ ಕಪ್ಪಗೆ ನೀಟಾಗಿ ಬಣ್ಣ. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಖುಷಿಪಟ್ಟೆ. ಮುಂದಿನ ಬೇಸಿಗೆಯಲ್ಲಿ ಬ್ರೇಕ್ ಕೆಲಸಕ್ಕೆ ಕೊಟ್ಟಾಗ ಮೆಕ್ಯಾನಿಕ್ ಗಾಡಿ ಎತ್ತಿ ನನ್ನನ್ನು ಒಳಗೆ ಕರೆದ. ಹಿಂದಿನ ಚಕ್ರದ ಮೇಲ್ಗಡೆ ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಸೀದಾ ಒಳಗೆ ಹೋಯಿತು. ಆ ಕಪ್ಪು ಬಣ್ಣವನ್ನು ತುಕ್ಕು ಮುಚ್ಚಲು ಬಳಿದಿದ್ದರು. ಗಾಡಿ ಗುಜರಿಗೆ ಹೋಯಿತು. ಬಂದ ಮೊದಲ ವರ್ಷದ ಉಳಿತಾಯ ಪೂರ್ತಿ ಅದರಲ್ಲಿತ್ತು. ಆ ಸಂಜೆ ಊರಿಗೆ ಫೋನ್ ಮಾಡಿದೆ, ಆದರೆ ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ನಿಮಗೆ ಹಾಗಾಗಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆದ್ದರಿಂದ ಗಾಡಿ ನೋಡಲು ಹೋಗುವಾಗ ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಮಾರುವವರ ಒಪ್ಪಿಗೆ ಕೇಳಿ ಕೆಳಗೆ ಮಲಗಿ. ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಸ್ಟೆಪ್ನಿ ನೇತಾಡುವ ಜಾಗದ ಸುತ್ತ, ಮುಂದಿನ ಚಕ್ರದ ಹಿಂಭಾಗ, ಇಷ್ಟನ್ನು ಬಿಡದೆ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಪದರ ಪದರವಾಗಿ ಉದುರುತ್ತದೆ. ಮೇಲುಮೇಲಿನ ಕಂದು ಬಣ್ಣಕ್ಕೆ ಹೆದರಬೇಡಿ. ಇಲ್ಲಿ ಓಡಿದ ಎಲ್ಲ ಗಾಡಿಗೂ ಅದು ಇರುತ್ತದೆ. ಹೆದರಬೇಕಾದದ್ದು ಪದರ, ತೂತು ಮತ್ತು ಹೊಸದಾಗಿ ಬಳಿದ ಕಪ್ಪು ಬಣ್ಣಕ್ಕೆ. ಬ್ರೇಕ್ ಪೈಪುಗಳನ್ನೂ ನೋಡಿ. ಅವೂ ಉಪ್ಪಿಗೆ ತುಕ್ಕು ಹಿಡಿದು ಒಡೆಯುತ್ತವೆ. ಒಡೆದಾಗ ಪೆಡಲ್ ನೆಲ ಮುಟ್ಟುತ್ತದೆ.

ಎಂಜಿನ್ ಬಗ್ಗೆ ಒಂದೇ ಮಾತು. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಮೊದಲೇ ಹೇಳಿ. ತಣ್ಣಗಿರುವಾಗ ಕೇಳುವ ಸದ್ದೇ ನಿಜವಾದ ಸದ್ದು. ನಿಮ್ಮ ಜೊತೆಗಾರರ ರೇಂಜರ್‌ನ 4 ಲೀಟರ್ ಎಂಜಿನ್ನೇ ತಗೊಳ್ಳಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಗಲಗಲ ಅಂದರೆ ಟೈಮಿಂಗ್ ಚೈನ್ ಹೋಗುತ್ತಿದೆ ಅಂತ ಅರ್ಥ. ಅದರ ಒಂದು ಚೈನ್ ಎಂಜಿನ್ ಹಿಂಭಾಗದಲ್ಲಿದೆ, ಬದಲಿಸಲು ಎಂಜಿನ್ ಇಳಿಸಬೇಕು. ಅದರ ಖರ್ಚು ನೀವು ಗಾಡಿಗೆ ಕೊಟ್ಟ ದುಡ್ಡಿನ ಹತ್ತಿರ ಹತ್ತಿರ ಬರಬಹುದು.

ಕಾಗದ ಪತ್ರ. ಮಾರುವವರು ನಿಮಗೆ ಯೂಸ್ಡ್ ವೆಹಿಕಲ್ ಇನ್ಫರ್ಮೇಷನ್ ಪ್ಯಾಕೇಜ್ ಕೊಡಬೇಕು, ಸರ್ವಿಸ್ ಒಂಟಾರಿಯೊ ಅನ್ನುವ ಸರ್ಕಾರಿ ಕಚೇರಿಯಲ್ಲಿ 20 ಡಾಲರ್. ಗಾಡಿಯ ಹಿಂದಿನ ಮಾಲೀಕರು ಯಾರು, ಮೇಲೆ ಸಾಲ ಇದೆಯಾ, ಎಲ್ಲ ಅದರಲ್ಲಿರುತ್ತದೆ. ಸಾಲ ಇರುವ ಗಾಡಿ ಕೊಂಡರೆ ಸಾಲ ಕೊಟ್ಟವರು ನಿಮ್ಮ ಮನೆ ಮುಂದಿನಿಂದ ಎತ್ತಿಕೊಂಡು ಹೋಗಬಹುದು. ಪರ್ಮಿಟ್, ಅಂದರೆ ಗಾಡಿಯ ನೋಂದಣಿ ಪತ್ರದ ಮೇಲಿನ ಹೆಸರೂ ಎದುರಿಗೆ ನಿಂತವರ ಹೆಸರೂ ಒಂದೇನಾ ಅಂತ ನೋಡಿ. ಬೇರೆಯಾಗಿದ್ದು, ಪಾರ್ಕಿಂಗ್ ಲಾಟ್‌ನಲ್ಲಿ ಸಿಗೋಣ ಅಂದರೆ ವಾಪಸ್ ಬನ್ನಿ. ಲೈಸೆನ್ಸ್ ಇಲ್ಲದೆ ಗಾಡಿ ವ್ಯಾಪಾರ ಮಾಡುವವರು ಹಾಗೆಯೇ ಮಾರುತ್ತಾರೆ. ಕೊಂಡ 6 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಅದಕ್ಕೆ ಸೇಫ್ಟಿ ಸರ್ಟಿಫಿಕೇಟ್ ಬೇಕು, ಅದು 36 ದಿನ ನಡೆಯುತ್ತದೆ. ಅದನ್ನು ಗ್ಯಾರಂಟಿ ಅಂದುಕೊಳ್ಳಬೇಡಿ. ಆ ದಿನ ಗಾಡಿ ರಸ್ತೆಗೆ ಲಾಯಕ್ಕಾಗಿತ್ತು ಅನ್ನುವುದಷ್ಟೇ ಅದರ ಅರ್ಥ. ನಿಮ್ಮ ಕಡೆಯ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಬೇರೆಯಾಗಿ ತೋರಿಸಿ.

ನೋಂದಣಿ ಹೊತ್ತಿಗೆ ಶೇಕಡಾ 13 ತೆರಿಗೆ ಇದೆ. ನೀವು ಕೊಟ್ಟ ಬೆಲೆ ಅಥವಾ ರೆಡ್ ಬುಕ್ ಅನ್ನುವ ಹಳೆ ಗಾಡಿಗಳ ದರಪಟ್ಟಿಯ ಸಗಟು ಬೆಲೆ, ಯಾವುದು ಜಾಸ್ತಿಯೋ ಅದರ ಮೇಲೆ. 6,500ಕ್ಕೆ 845 ಡಾಲರ್ ಆಗುತ್ತದೆ. ಇದನ್ನು ಬಜೆಟ್‌ನಲ್ಲಿ ಮೊದಲೇ ತೆಗೆದಿಡಿ. ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ನಂಬರ್ ಗಾಡಿಯ ಜೊತೆ ಬರುತ್ತದೆ, ಇಲ್ಲಿ ಪ್ಲೇಟ್ ಮಾರಿದವರ ಹತ್ತಿರವೇ ಉಳಿಯುತ್ತದೆ. ನೀವು ನಿಮ್ಮದೇ ಪ್ಲೇಟ್ ತಗೊಳ್ಳಬೇಕು. ಪಿಕಪ್‌ಗೆ ಕೊಡುವುದು ಕಪ್ಪು ಅಕ್ಷರದ ಕಮರ್ಷಿಯಲ್ ಪ್ಲೇಟ್. ಸ್ವಂತಕ್ಕೆ ಓಡಿಸಿದರೂ ಅದೇ, ಗಾಬರಿ ಬೇಡ.

ಇನ್ಶೂರೆನ್ಸ್ ಮಾತ್ರ ಗಾಡಿ ಕೊಳ್ಳುವ ಮುಂಚೆಯೇ ಕೇಳಿ. ಹೊಸಬರಿಗೆ ಅದು ಬಹಳ ದುಬಾರಿ. ಕೆಲವರಿಗೆ ಒಂದೆರಡು ವರ್ಷದ ಪ್ರೀಮಿಯಂ ಗಾಡಿಯ ಬೆಲೆಯನ್ನೇ ಮೀರುತ್ತದೆ. ಊರಿನ ಇನ್ಶೂರೆನ್ಸ್ ಕಂಪನಿಯಿಂದ ಕ್ಲೇಮ್ ಇಲ್ಲ ಅನ್ನುವ ಪತ್ರ ತರಿಸಿ, ಕೆಲವು ಕಂಪನಿಗಳು ಅದನ್ನು ಲೆಕ್ಕಕ್ಕೆ ತಗೊಳ್ಳುತ್ತವೆ. ನಮ್ಮ ಲೈಸೆನ್ಸ್‌ನಲ್ಲಿ ಇಲ್ಲಿ ಓಡಿಸಲು ಅವಕಾಶ ಇರುವುದು 60 ದಿನ ಮಾತ್ರ, ನಿಮಗೆ ಅದು ಮುಗಿದಿದೆ. ಬರವಣಿಗೆ ಪರೀಕ್ಷೆ ಆದಮೇಲೆ ಹಳೆ ಅನುಭವಕ್ಕೆ ಅಧಿಕೃತ ಪತ್ರ ತೋರಿಸಿದರೆ ರೋಡ್ ಟೆಸ್ಟ್‌ಗೆ ವರ್ಷಗಟ್ಟಲೆ ಕಾಯಬೇಕಿಲ್ಲ. ಗಾಡಿಯಲ್ಲಿ ಟೂಲ್ಸ್ ಹಾಕಿಕೊಂಡು ಕೆಲಸಕ್ಕೆ ಹೋಗುವುದನ್ನು ಇನ್ಶೂರೆನ್ಸ್‌ನವರಿಗೆ ಮುಚ್ಚಿಡಬೇಡಿ. ಸ್ವಲ್ಪ ದುಡ್ಡು ಜಾಸ್ತಿ ಆಗಬಹುದು. ಮುಚ್ಚಿಟ್ಟು ಅಪಘಾತವಾದರೆ ಕ್ಲೇಮೇ ಸಿಗದೆ ಹೋಗಬಹುದು.

ಪಿಕಪ್ ಇದೆ ಅಂತ ಗೊತ್ತಾದರೆ ಮನೆ ಬದಲಿಸುವವರೆಲ್ಲ ಫೋನ್ ಮಾಡುತ್ತಾರೆ. ಹೋಗಿ, ಸಹಾಯ ಮಾಡಿ. ಇಲ್ಲಿ ಸ್ನೇಹ ಬೆಳೆಯುವುದೇ ಹಾಗೆ. ನನ್ನ ಹತ್ತಿರದ ಎರಡು ಮನೆಯವರು ಸೋಫಾ ಹೊತ್ತೇ ಪರಿಚಯವಾದವರು. ಯುಗಾದಿ ಊಟದ ದೊಡ್ಡ ಪಾತ್ರೆಗಳು ಇವತ್ತಿಗೂ ನನ್ನ ಗಾಡಿಯಲ್ಲೇ ಹೋಗುತ್ತವೆ. ಆದರೆ ನೀವೇ ಓಡಿಸಿ, ಕೀ ಕೊಡಬೇಡಿ. ಬೇರೆಯವರು ಗುದ್ದಿದರೂ ಅದು ನಿಮ್ಮ ಇನ್ಶೂರೆನ್ಸ್ ಮೇಲೆ ಬರುತ್ತದೆ.

ಚಳಿಗಾಲ ನಿಮಗೆ ಮೊದಲನೆಯದು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಹಿಮದಲ್ಲಿ ತಿರುವಿನಲ್ಲಿ ಬಾಲ ಬೀಸುತ್ತದೆ. ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಮೂರು ನಾಲ್ಕು ಮರಳು ಚೀಲ ಹಾಕಿ, ಜಾರದ ಹಾಗೆ ಕಟ್ಟಿ. ವಿಂಟರ್ ಟೈರ್ ನಾಲ್ಕೂ ಹಾಕಿಸಿ, ಎರಡೇ ಹಾಕಿಸಬೇಡಿ. ಅದಕ್ಕೆ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ ಇದೆ, ಕೇಳಿ ತಗೊಳ್ಳಿ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಒಣ ರಸ್ತೆಯಲ್ಲಿ ಅದನ್ನು ಹಾಕಲೇಬೇಡಿ, ತಿರುಗಿಸುವಾಗ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಸವೆಯುತ್ತವೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಕೆಳಗೆ ತುಕ್ಕು ತಡೆಯುವ ಎಣ್ಣೆ ಹೊಡೆಸಿ. ನನ್ನ ಈಗಿನ ಗಾಡಿ 11 ವರ್ಷದ್ದು. ಕೆಳಗೆ ನೋಡಿದರೆ ಬರೀ ಎಣ್ಣೆ ಜಿಡ್ಡು, ಒಂದು ತೂತಿಲ್ಲ.

ಪೆಟ್ರೋಲ್ ಖರ್ಚನ್ನೂ ಕೇಳಿದ್ದೀರಿ. ಆರು ಸಿಲಿಂಡರಿನ (ವಿ6) ಪಿಕಪ್ ಊರೊಳಗೆ ಲೀಟರಿಗೆ 7 ಕಿಲೋಮೀಟರ್ ಕೊಟ್ಟರೆ ಹೆಚ್ಚು. ಕೊರೋಲಾ ಅದರ ಹತ್ತಿರ ಹತ್ತಿರ ಎರಡರಷ್ಟು ಓಡುತ್ತದೆ. ಕೆಲಸಕ್ಕೆ ಕಂಪನಿಯೇ ವ್ಯಾನ್ ಕೊಡುವುದಾದರೆ ನಿಮ್ಮ ಸ್ನೇಹಿತರ ಮಾತೇ ಸರಿ. ಕೊರೋಲಾ ತಗೊಂಡು ಆರಾಮಾಗಿರಿ, ಪಿಕಪ್ ಎರಡನೇ ಗಾಡಿಯಾಗಿ ಬರಲಿ. ಇದನ್ನು ನಿಮ್ಮ ಬಾಸ್ ಹತ್ತಿರ ಸೋಮವಾರವೇ ಕೇಳಿ.

ವ್ಯಾನ್ ಇಲ್ಲ ಅಂದರೆ ಫ್ರಾಂಟಿಯರ್ ಹುಡುಕೋಣ. ಕೇಂಬ್ರಿಡ್ಜ್‌ನಲ್ಲಿ ಒಂದು ಮಾರಾಟಕ್ಕಿದೆ, 2013ರದು, ನಾಲ್ಕು ಬಾಗಿಲು. ಶನಿವಾರ ಬೆಳಿಗ್ಗೆ ನಿಮ್ಮನ್ನು ಗ್ವೆಲ್ಫ್‌ನಿಂದ ಕರೆದುಕೊಂಡು ಹೋಗುತ್ತೇನೆ. ಸುತ್ತಿಗೆ, ಟಾರ್ಚ್ ನನ್ನ ಹತ್ತಿರ ಇವೆ. ನೀವು ಒಂದು ಹಳೆ ಬೆಡ್‌ಶೀಟ್ ತನ್ನಿ, ನೆಲ ಒದ್ದೆ ಇರುತ್ತದೆ.