ನಂಬಿಕೆಯಿಂದಲೇ ರಕ್ಷಣೆ ಅಂದರೆ, ನನ್ನ ನಂಬಿಕೆ ಸಾಲದಿದ್ದರೆ ಏನು ಗತಿ?

ನೀವು ಕೇಳಿದ ಈ ಭಯದಲ್ಲೇ ನಾನು ಬೆಳೆದವನು.

ನಮ್ಮದು ಮಂಗಳೂರು ಕಡೆಯ ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಕುಟುಂಬ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದ ಬಂದದ್ದು. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ (ಪಾಪದಿಂದ ಬಿಡುಗಡೆ), ಅದು ದೇವರ ವರ ಅನ್ನುವ ಬೈಬಲಿನ ವಚನ ಎಫೆಸ 2:8 ಚಿಕ್ಕಂದಿನಿಂದ ಬಾಯಿಪಾಠ. ಹಾಗಾಗಿ ಉಪವಾಸ, ದಶಮಾಂಶದ (ದೇವರಿಗೆಂದು ಕೊಡುವ ಆದಾಯದ ಹತ್ತನೇ ಪಾಲು) ಲೆಕ್ಕ ನಾನು ಇಡಲಿಲ್ಲ. ನಂಬಿಕೆಯ ಲೆಕ್ಕ ಇಟ್ಟೆ. ಪ್ರಾರ್ಥನೆಯಲ್ಲಿ ಮನಸ್ಸು ಅಲೆದರೆ ನಂಬಿಕೆ ಕಮ್ಮಿ, ಹಾಡುವಾಗ ಕಣ್ಣಲ್ಲಿ ನೀರು ಬಂದರೆ ಜಾಸ್ತಿ. ಕಮ್ಮಿ ಅನ್ನಿಸಿದ ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಏಳುತ್ತಿರಲಿಲ್ಲ. ಪಕ್ಕದವರಿಗೆ ದಾರಿ ಬಿಡಲು ಕಾಲು ಓರೆ ಮಾಡಿಕೊಂಡು ಬೆಂಚಿನಲ್ಲೇ ಕೂತಿರುತ್ತಿದ್ದೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ, "ಮಗಾ, ಒಂದು ಪ್ರಾರ್ಥನೆ ಮಾಡು" ಅಂದರು. ನನಗೆ ಬಾಯಿ ಬರಲಿಲ್ಲ. ಇಷ್ಟು ಕಮ್ಮಿ ನಂಬಿಕೆ ಇಟ್ಟುಕೊಂಡು ಎಂಥ ಪ್ರಾರ್ಥನೆ ಅನ್ನಿಸಿತು. "ಸಂಜೆ ಸಭಾಪಾಲಕರು ಬರ್ತಾರೆ ಅಪ್ಪಾ" ಅಂದೆ. ಸಂಜೆಯೊಳಗೆ ಅಪ್ಪನಿಗೆ ಪ್ರಜ್ಞೆ ತಪ್ಪಿತು. ಮತ್ತೆ ಬರಲಿಲ್ಲ.

ನಾನು ಎಡವಿದ್ದು ಎಲ್ಲಿ ಗೊತ್ತಾ? ನಂಬಿಕೆಯನ್ನೇ ಒಂದು ಪುಣ್ಯಕ್ರಿಯೆ ಮಾಡಿಕೊಂಡಿದ್ದೆ. ಬೇರೆಯವರು ದಾನಧರ್ಮ ತೋರಿಸಿ ದೇವರನ್ನು ಒಪ್ಪಿಸಲು ಹೊರಟರೆ, ನಾನು ನನ್ನ ಭಾವನೆ ತೋರಿಸಿ ಒಪ್ಪಿಸಲು ಹೊರಟಿದ್ದೆ. ಎರಡರಲ್ಲೂ ಕಣ್ಣು ಇರುವುದು ನಮ್ಮ ಮೇಲೇ, ಅಲ್ವಾ? ಕ್ರಿಸ್ತನ ಕಡೆ ತಿರುಗಿಯೇ ಇಲ್ಲ. ಹೊಳೆ ದಾಟುವಾಗ ದೋಣಿ ಗಟ್ಟಿ ಇರಬೇಕು; ನಡುಗುತ್ತಾ ಕೂತವನೂ ದಡ ಸೇರುತ್ತಾನೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ, ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ "ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು" ಎಂದು ಕೂಗುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಮಗನನ್ನು ವಾಸಿ ಮಾಡಿದ. ಅದಕ್ಕೇ ಹೇಳುತ್ತೇನೆ, ಸಾಲುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯನ್ನೇ ಬಿಡಿ.

ಅಬ್ರಹಾಮನ ವಿಷಯ ನನಗೆ ಬಹಳ ಧೈರ್ಯ ಕೊಟ್ಟಿತು. ದೇವರು ಅವನ ನಂಬಿಕೆಯನ್ನು ನೀತಿ ಎಂದು ಎಣಿಸಿದ್ದು, ಅಂದರೆ ಅವನನ್ನು ಒಪ್ಪಿಕೊಂಡದ್ದು, ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದಲ್ಲಿ. ಸುನ್ನತಿಯಾದದ್ದು 17ರಲ್ಲಿ, 99ನೇ ವಯಸ್ಸಿನಲ್ಲಿ. ನಡುವೆ ಕನಿಷ್ಠ 13 ವರ್ಷ. ರೋಮಾದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹಿಡಿಯುವುದು ಇದನ್ನೇ: ದೇವರ ಒಪ್ಪಿಗೆ ಮೊದಲು, ಸುನ್ನತಿಯ ಗುರುತು ಆಮೇಲೆ. ಕ್ರಿಯೆಯೂ ಬೇಕು ಎನ್ನುವ ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಬರುವ, ಅಬ್ರಹಾಮ ಮಗ ಇಸಾಕನನ್ನು ಬಲಿಗೆ ಒಪ್ಪಿಸಿದ ಮಾತು ಆದಿಕಾಂಡ 22ರದ್ದು, ಇನ್ನೂ ಆಮೇಲಿನದು. ಪೌಲನಿಗೂ ಯಾಕೋಬನಿಗೂ ಜಗಳ ಇಲ್ಲ.

ಕ್ಯಾಥೊಲಿಕರು ಕ್ರಿಯೆಯಿಂದ ರಕ್ಷಣೆ ಅಂತಾರೆ ಎಂದೂ ಬರೆದಿದ್ದೀರಿ. ಅದು ತಪ್ಪು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲುಥೆರನ್ನರೂ (ಮಾರ್ಟಿನ್ ಲೂಥರನ ಹಾದಿಯ ಪ್ರೊಟೆಸ್ಟಂಟರು) ಕ್ಯಾಥೊಲಿಕರೂ ಸಹಿ ಹಾಕಿದ ಜಂಟಿ ಘೋಷಣೆ ಓದಿ. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದಲ್ಲ ಎಂದು ಇಬ್ಬರೂ ಒಪ್ಪಿದ್ದಾರೆ. ಭಿನ್ನಾಭಿಪ್ರಾಯಗಳು ಉಳಿದಿವೆ, ನಿಜ.

ಇನ್ನು, ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವುದನ್ನು ಬಿಡಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಎಫೆಸ 2:8ಕ್ಕೆ ನಿಲ್ಲಿಸದೆ 10ನೇ ವಚನದವರೆಗೆ ಓದಿ. ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಯಾದವರು ಅಂತಿದೆ. ಮಕ್ಕಳಿಗೆ ಪಾಠ ಬೇಕು, ಅದಕ್ಕೆ ಹೇಳಿಕೊಡಿ. ನಿಮ್ಮ ರಕ್ಷಣೆಯ ಭಾರವನ್ನು ಆ ಮಕ್ಕಳ ತಲೆ ಮೇಲೆ ಇಡಬೇಡಿ.